ಸಾವಯವ ಸಾಮೆ ಅಕ್ಕಿ ಮತ್ತು ಅದರ ಕೆಳಗಿನ ಸ್ಟಿಕ್ಕರ್

ಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ವಿಷಯ: ದಾವಣಗೆರೆಯ ನಿಮ್ಮ ಅಂಗಡಿಯಲ್ಲಿ ‘ಸಾವಯವ’ ಎಂದು ಮಾರಿದ ಸಾಮೆ ಅಕ್ಕಿಯ ಬಗ್ಗೆ ದೂರು

ಮಾನ್ಯರೆ,

ನಿಮ್ಮ ಸಹಾಯವಾಣಿಗೆ ನಾಲ್ಕು ಸಲ ಫೋನ್ ಮಾಡಿದ್ದಾಯಿತು. ಮೊದಲ ಸಲ, 48 ಗಂಟೆಯೊಳಗೆ ನಾವೇ ಮಾಡುತ್ತೇವೆ ಎಂದರು. ಅದಾಗಿ ಇಪ್ಪತ್ತೆರಡು ದಿನ. ನಾಲ್ಕನೇ ಸಲ ಸಿಕ್ಕ ಹುಡುಗಿ ಪಾಪ ಒಳ್ಳೆಯವಳು, “ಆಂಟಿ, ಬರೆದು ಕಳಿಸಿಬಿಡಿ” ಎಂದಳು. ಬರೆಯುತ್ತಿದ್ದೇನೆ. ಸಿಟ್ಟು ಮಾಡಿಕೊಳ್ಳಬಾರದು ಅಂತ ಕಾಫಿ ಕುಡಿದೇ ಕೂತಿದ್ದೇನೆ.

ತವರಿನಿಂದ ಬಂದ ಸಾಮೆ ತೀರಿತ್ತು. ಮೊಮ್ಮಗಳ ಗಂಜಿಗೆ ಬೇಕಲ್ಲ ಅಂತ ನಿಮ್ಮಲ್ಲಿ ಅರ್ಧ ಕೆಜಿ ಪೊಟ್ಟಣ ತಂದೆ. ಹಸಿರು ಎಲೆಯ ಚಿತ್ರ, ‘ಶುದ್ಧ ಸಾವಯವ’, 98 ರೂಪಾಯಿ. ಮನೆಯಲ್ಲಿ ಮೊರಕ್ಕೆ ಸುರಿದರೆ ಅಕ್ಕಿಗಿಂತ ಮುಂಚೆ ಹುಳ ಹೊರಟವು. ಕಾಳೆಲ್ಲ ಬಲೆ ಹಿಡಿದು ಗಂಟು ಗಂಟಾಗಿತ್ತು. ತಾರೀಖು ನೋಡೋಣ ಅಂತ ಪೊಟ್ಟಣ ತಿರುಗಿಸಿದೆ. ಸ್ಟಿಕ್ಕರಿನ ಒಂದು ಮೂಲೆ ಎದ್ದಿತ್ತು. ಉಗುರಲ್ಲಿ ಕೆರೆದೆ. ಕೆಳಗೆ ಇನ್ನೊಂದು ಸ್ಟಿಕ್ಕರ್! ಅದೇ ಕಂಪನಿ, ಅದೇ ಸಾಮೆ ಅಕ್ಕಿ, ಅದೇ ಅರ್ಧ ಕೆಜಿ. ಬೆಲೆ 54. ‘ಸಾವಯವ’ ಅನ್ನೋ ಪದ ಮಾತ್ರ ಇಲ್ಲ.

ಒಂದು ಪದಕ್ಕೆ 44 ರೂಪಾಯಿ. ಕವಿಗಳಿಗೂ ಇಷ್ಟು ಸಿಗಲಿಕ್ಕಿಲ್ಲ.

ಮುಂದಿನದು ನಿಮಗೆ ಗೊತ್ತಿರೋದೇ. ಸಾವಯವ ಆಹಾರದ ನಿಯಮ 2017ರಲ್ಲೇ ಬಂತು, 2018ರ ಜುಲೈನಿಂದ ಜಾರಿಯಲ್ಲಿದೆ. ಪೊಟ್ಟಣದ ಮೇಲೆ ಸರ್ಕಾರದ ಸಾವಯವ ಗುರುತು ಇರಬೇಕು. ಸಂಸ್ಥೆಗಳು ಬಂದು ತಪಾಸಣೆ ಮಾಡುವ ಎನ್‌ಪಿಒಪಿ ಇಲ್ಲವೇ ರೈತರ ಗುಂಪೇ ಒಬ್ಬರನ್ನೊಬ್ಬರು ನೋಡಿ ಖಾತ್ರಿ ಕೊಡುವ ಪಿಜಿಎಸ್ ಇಂಡಿಯಾ, ಈ ಎರಡು ಸರ್ಕಾರಿ ವ್ಯವಸ್ಥೆಗಳಲ್ಲಿ ಒಂದರ ಪ್ರಮಾಣೀಕರಣ ಇರಬೇಕು. ನಿಮ್ಮ ಪೊಟ್ಟಣದಲ್ಲಿ ಎಲೆ ಇದೆ, ನಗುವ ರೈತ ಇದ್ದಾನೆ. ಗುರುತೂ ಇಲ್ಲ, ಪ್ರಮಾಣೀಕರಣವೂ ಇಲ್ಲ. ಕನ್ನಡಕ ಹಾಕಿಕೊಂಡು ನೋಡಿದೆ, ತೆಗೆದೂ ನೋಡಿದೆ.

ಮಾರನೇ ದಿನ ಪೊಟ್ಟಣ ಹಿಡಿದು ನಿಮ್ಮ ಅಂಗಡಿಗೆ ಹೋದೆ. ಅಲ್ಲಿ ಆದದ್ದನ್ನು ಪೂರ್ತಿ ಬರೆಯುತ್ತೇನೆ, ಬೇಜಾರಾದರೂ ಓದಿ.

ಬಿಲ್ಲಿನ ಕೌಂಟರಿನ ಹುಡುಗ ಒಂದು ಕಿವಿಗೆ ಇಯರ್‌ಫೋನ್ ಹಾಕಿದ್ದ. ಹುಳ ತೋರಿಸಿದೆ. “ಮೇಡಂ, ಹುಳ ಇದ್ರೇನೇ ಒರಿಜಿನಲ್ ಸಾವಯವ. ಔಷಧ ಹೊಡೆದಿದ್ರೆ ಹುಳ ಬರ್ತಿತ್ತಾ?” ಎಂದ. ಮೂವತ್ತೈದು ವರ್ಷ ಡಬ್ಬಿಗೆ ಬೇವಿನಸೊಪ್ಪು, ಒಣಮೆಣಸಿನಕಾಯಿ ಹಾಕಿದವಳು ನಾನು. ಸರಿಯಾಗಿ ಒಣಗಿಸದೆ, ತಿಂಗಳುಗಟ್ಟಲೆ ಇಟ್ಟರೆ ಯಾವ ಅಕ್ಕಿಗಾದರೂ ಹುಳ ಬೀಳುತ್ತೆ. ಹುಳ ಏನು ಸರ್ಟಿಫಿಕೇಟ್ ನೋಡಿ ಬರುತ್ತಾ?

“ಮ್ಯಾನೇಜರನ್ನ ಕರೀರಿ” ಎಂದೆ. ಬಂದರು. ಎರಡು ಸ್ಟಿಕ್ಕರ್ ತೋರಿಸಿದೆ. ಬಗ್ಗಿಯೂ ನೋಡಲಿಲ್ಲ.

“ಅಮ್ಮಾ, ನ್ಯಾಚುರಲ್ಲು ಸಾವಯವ ಎರಡೂ ಒಂದೇ.”

“ಒಂದೇ ಆದ್ರೆ ರೇಟು ಯಾಕೆ ಎರಡು?”

ಅದಕ್ಕೆ ಉತ್ತರ ಇರಲಿಲ್ಲ. ಬಿಲ್ಲು ಕೇಳಿದರು. ಕೊಟ್ಟೆ. ಪೊಟ್ಟಣ ಒಡೆದಿದೆ, ವಾಪಸ್ ಇಲ್ಲ ಎಂದರು. ಒಡೆಯದೆ ಹುಳ ಹೇಗೆ ಕಾಣುತ್ತೆ ಸ್ವಾಮಿ? ಬಿಲ್ಲಿನ ಹಿಂದೆ ‘ದೋಷವಿದ್ದಲ್ಲಿ 7 ದಿನದೊಳಗೆ ಬದಲಾವಣೆ’ ಅಂತ ನೀವೇ ಅಚ್ಚು ಹಾಕಿಸಿದ್ದೀರಿ. ಅದನ್ನು ಓದಿ ಹೇಳಿದೆ. ಆಗ ಅವರು ಸಾಲಿನವರಿಗೆಲ್ಲ ಕೇಳೋ ಹಾಗೆ ಅಂದರು: “ಅಮ್ಮಾ, ಸಾವಯವ ಎಲ್ಲರಿಗೂ ಕೈಗೆಟುಕಲ್ಲ. ನಿಮಗೆ ಮಂಡಿಪೇಟೆ ಅಂಗಡೀನೇ ಸರಿ ಹೋಗುತ್ತೆ ನೋಡಿ.”

ಎರಡು ಮೂರು ಜನ ನಕ್ಕರು. ಹುಡುಗ ಇಯರ್‌ಫೋನ್ ತೆಗೆದು ನಕ್ಕ. ನನ್ನ ಹಿಂದೆ ಮೂರನೆಯವರಾಗಿ ನಿಂತಿದ್ದವರು ನಮ್ಮ ಬೀಗಿತ್ತಿ. ಅವತ್ತು ಏನೂ ಅನ್ನಲಿಲ್ಲ. ಭಾನುವಾರ ಅವರ ಮನೆಯ ನಾಮಕರಣದಲ್ಲಿ ಊಟಕ್ಕೆ ಕೂತಾಗ, “ನಮ್ಮ ಬೀಗರಿಗೆ ಸಾವಯವನೋ ಅಲ್ವೋ ಹೇಳಿ ಬಡಿಸ್ರಪ್ಪಾ” ಎಂದರು. ಪಂಕ್ತಿಯೇ ನಕ್ಕಿತು. ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ. ಇದಕ್ಕೆ ನಿಮ್ಮ ಬಿಲ್ಲಿನ ಹಿಂದೆ ಎಷ್ಟು ದಿನದ ಗಡುವು ಇದೆಯೋ ತಿಳಿಸಿ.

ನನಗೆ ಸಾವಯವದ ಹುಚ್ಚೇನೂ ಇಲ್ಲ. ನಮ್ಮನೆಯವರು ಭದ್ರಾ ನೀರಲ್ಲಿ ಯೂರಿಯಾ ಹಾಕಿ ಬೆಳೆದ ಅಕ್ಕಿ ತಿಂದೇ ಎಪ್ಪತ್ತು ದಾಟಿದ್ದಾರೆ, ಇವತ್ತಿಗೂ ಬೆಳಗ್ಗೆ ವಾಕಿಂಗ್ ಹೋಗುತ್ತಾರೆ. ಸಾವಯವದಲ್ಲಿ ಪೌಷ್ಟಿಕಾಂಶ ಜಾಸ್ತಿ ಅಂತ ನಿಮ್ಮ ಅಂಗಡಿಯಲ್ಲಿ ಬೋರ್ಡ್ ಇದೆ. 2012ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನವರು ಹಳೇ ಅಧ್ಯಯನಗಳನ್ನೆಲ್ಲ ಒಟ್ಟಿಗೆ ನೋಡಿ, ಪೌಷ್ಟಿಕಾಂಶ ಜಾಸ್ತಿ ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ, ಕೀಟನಾಶಕದ ಉಳಿಕೆ ಮಾತ್ರ ಕಮ್ಮಿ ಸಿಗುತ್ತೆ ಎಂದರಂತೆ. ಮಗಳು ಹೇಳಿದಳು. ಆ ಉಳಿಕೆ ಕಮ್ಮಿ ಇರಲಿ ಅಂತಲೇ ಮಗುವಿಗೆ ದುಡ್ಡು ಜಾಸ್ತಿ ಕೊಟ್ಟು ತಂದಿದ್ದು. ಯೂರಿಯಾದ್ದಾದರೆ ಯೂರಿಯಾದ್ದು ಅನ್ನಿ, 54 ಕೊಟ್ಟು ಸಂತೋಷವಾಗಿ ತರುತ್ತೇನೆ.

ನನ್ನ ತವರು ಹೊಸದುರ್ಗದ ಕಡೆ. ಅಣ್ಣನ ಸಾಮೆ ಹೊಲಕ್ಕೆ ಕೊಟ್ಟಿಗೆ ಗೊಬ್ಬರ ಬಿಟ್ಟರೆ ಮಳೆ, ಅಷ್ಟೇ. ಆದರೂ ಅವನ ಹತ್ತಿರ ಸರ್ಟಿಫಿಕೇಟ್ ಇಲ್ಲ. ರಾಸಾಯನಿಕ ಬಿಟ್ಟು ಎರಡು ವರ್ಷ ಕಳೆದ ಮೇಲೆ ಬಿತ್ತಿದ್ದಕ್ಕೆ ಮಾತ್ರ ‘ಸಾವಯವ’ ಅನ್ನೋ ಹೆಸರು, ಅದಕ್ಕೆ ಲೆಕ್ಕ ಬರೆದಿಡಬೇಕು, ತಪಾಸಣೆ ಆಗಬೇಕು. ಇದೆಲ್ಲ ಯಾರು ಮಾಡ್ತಾರೆ ಅಂತ ಅವನು ಸುಮ್ನೆ ವ್ಯಾಪಾರಿ ಹೇಳಿದ ರೇಟಿಗೆ ಕೊಡುತ್ತಾನೆ. ಅವನಂಥ ಸಣ್ಣ ರೈತ ನೇರವಾಗಿ ಗಿರಾಕಿಗೆ ಮಾರಿದರೆ ಕಾನೂನು ವಿನಾಯಿತಿ ಕೊಟ್ಟಿದೆ. ತಂದು ಮಾರುವ ನಿಮಗೆ ಕೊಟ್ಟಿಲ್ಲ. ನಿಜವಾಗಿ ಬೆಳೆದವನು ಆ ಪದ ಬರೆಯೋಕೆ ಹೆದರುತ್ತಾನೆ. ನೀವು ರೋಲುಗಟ್ಟಲೆ ಪ್ರಿಂಟ್ ಹಾಕಿಸಿದ್ದೀರಿ.

44 ರೂಪಾಯಿ ವಾಪಸ್ ಕೊಡಿ ಅಂತ ಕೇಳೋಣ ಅಂತಿದ್ದೆ. ಈಗ ಬೇಡ.

ಮುಂದಿನ ಸೋಮವಾರ ಹನ್ನೊಂದು ಗಂಟೆಗೆ ಅದೇ ಕೌಂಟರಿಗೆ ಬರುತ್ತೇನೆ. ಇನ್ನೊಂದು ಪೊಟ್ಟಣ ಕೊಳ್ಳುತ್ತೇನೆ. ಇದನ್ನು ಪರೀಕ್ಷೆಗೆ ಕಳಿಸುತ್ತೇನೆ ಅಂತ ಕೊಳ್ಳುವಾಗಲೇ ಹೇಳುತ್ತೇನೆ, ಆಹಾರ ಸುರಕ್ಷತಾ ಕಾಯ್ದೆಯ 40ನೇ ಕಲಂ ಹಾಗೆ ಹೇಳಬೇಕು ಅನ್ನುತ್ತೆ. ಫೀಸು ನಾನೇ ಕಟ್ಟುತ್ತೇನೆ. ತಪ್ಪು ಲೇಬಲ್ಲಿಗೆ 52ನೇ ಕಲಮಿನಲ್ಲಿ 3 ಲಕ್ಷದವರೆಗೆ ದಂಡ ಇದೆ, ಅದನ್ನು ನೀವು ಕಟ್ಟುವಿರಂತೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡುತ್ತೇನೆ. ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗುತ್ತೇನೆ, 5 ಲಕ್ಷದೊಳಗಿನ ಖರೀದಿಗೆ ಅಲ್ಲಿ ಶುಲ್ಕವಿಲ್ಲ. ನನ್ನದು 98 ರೂಪಾಯಿ, ಆರಾಮಾಗಿ ಒಳಗೆ ಬರುತ್ತೆ.

ಬೀಗಿತ್ತಿಯನ್ನೂ ಕರೆತರುತ್ತೇನೆ, ಸಾಕ್ಷಿಗೆ. ಹಳೇ ಪೊಟ್ಟಣ ಸ್ಟೀಲ್ ಡಬ್ಬಿಯಲ್ಲಿ ಭದ್ರವಾಗಿದೆ. ಹುಳ ಇನ್ನೂ ಬದುಕಿವೆ.

ಇಂತಿ,
ಮಂಡಿಪೇಟೆ ಅಂಗಡೀನೇ ಸರಿ ಹೋಗುವ ನಿಮ್ಮ ಗ್ರಾಹಕಿ
ದಾವಣಗೆರೆ

ಲಗತ್ತು: ಬಿಲ್ಲಿನ ಎರಡೂ ಬದಿಯ ಜೆರಾಕ್ಸ್, ಎರಡೂ ಸ್ಟಿಕ್ಕರಿನ ಫೋಟೊ