ಈ ಸಲವಾದರೂ ಹಡಗು ನೀರಿಗಿಳಿಯಲಿ

ಸಂಪಾದಕರೇ,

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ನನ್ನದೊಂದು ಸಣ್ಣ ಲೇತ್ ಶಾಪ್ ಇದೆ. ಅಣ್ಣನ ಮಗ ನೌಕಾಪಡೆಯಲ್ಲಿದ್ದಾನೆ. ಮೊನ್ನೆ ರಜೆಗೆ ಬಂದವನು ಐಎನ್‌ಎಸ್ ಜಲಾಶ್ವ ಹಡಗು ಹೇಗೆ ಕೆಲಸ ಮಾಡುತ್ತದೆ ಅಂತ ಕಬ್ಬಿಣದ ತಗಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದ. ಟ್ಯಾಂಕ್‌ಗಳಿಗೆ ನೀರು ತುಂಬಿಸಿ ಹಡಗಿನ ಹಿಂಭಾಗ ತಗ್ಗಿಸುತ್ತಾರೆ. ಬಾಗಿಲು ತೆರೆದರೆ ಸಮುದ್ರವೇ ಒಳಗೆ ಬರುತ್ತದೆ. ಯೋಧರು, ವಾಹನಗಳನ್ನು ಹೊತ್ತ ದೋಣಿಗಳು ತೇಲಿಕೊಂಡು ಹೊರಟು ನೇರ ದಡ ಮುಟ್ಟುತ್ತವೆ. ಬಂದರಿನ ಅಗತ್ಯವೇ ಇಲ್ಲ! 2020ರ ಮೇ ತಿಂಗಳಲ್ಲಿ ಮಾಲ್ದೀವ್ಸ್‌ನಿಂದ ನಮ್ಮ 698 ಜನರನ್ನು ಕೊಚ್ಚಿಗೆ ಕರೆತಂದದ್ದೂ ಇದೇ ಹಡಗು.

ಆದರೆ ಇದು 1971ರಲ್ಲಿ ಅಮೆರಿಕದ ನೌಕಾಪಡೆ ಸೇರಿದ್ದ ಹಡಗು. ನಾವು 2007ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಈ ಬಗೆಯದು ನಮ್ಮಲ್ಲಿ ಇದೊಂದೇ. ಇಂಥ ನಾಲ್ಕು ಹಡಗು ಇಲ್ಲೇ ಕಟ್ಟಿಸಲು 2013ರಲ್ಲಿ ಕರೆದ ಟೆಂಡರ್ 2020ರಲ್ಲಿ ರದ್ದಾಯಿತು. ಏಳು ವರ್ಷ ಸುಮ್ನೆ ಹೋಯಿತು ಅಲ್ವಾ? ಹಳೆಯ ಮಷಿನ್‌ಗೆ ಬಿಡಿಭಾಗ ಹುಡುಕುವ ಕಷ್ಟ ನನಗೆ ಗೊತ್ತು.

2025ರ ಅಕ್ಟೋಬರ್‌ನಲ್ಲಿ ರಕ್ಷಣಾ ಖರೀದಿ ಮಂಡಳಿ ಇಂಥ ಹಡಗುಗಳಿಗೆ ಮತ್ತೆ ಒಪ್ಪಿಗೆ ಕೊಟ್ಟಿದೆ. ಒಪ್ಪಿಗೆ ಅಂದರೆ ಆರ್ಡರ್ ಅಲ್ಲ. ಕಾರವಾರದ ನೌಕಾನೆಲೆ ನಮಗೆ ಪಕ್ಕದ ಜಿಲ್ಲೆಯಲ್ಲೇ ಇದೆ. ನಮ್ಮ ಭಾಗದ ಸಂಸದರು ಇದನ್ನು ಬೆನ್ನು ಹತ್ತಿ ಕೇಳಬೇಕು. ವಾಲ್ವ್, ಫ್ಲೇಂಜ್‌ನಂಥ ಕೆಲಸ ನಮ್ಮ ಶಾಪ್‌ಗಳಿಗೂ ಕೊಡಿಸಬೇಕು.

– ಒಬ್ಬ ಓದುಗ, ಹುಬ್ಬಳ್ಳಿ