ಟಿಬಿಯಾ ಬೇರೆ, ಟಿಬಿ ಬೇರೆ

ಪ್ರೀತಿಯ ಪುಟ್ಟಿ,

ನಿನ್ನ ಕಾಗದದ ಮಿಕ್ಕ ವಿಷಯಕ್ಕೆಲ್ಲ ಆಮೇಲೆ ಬರೆಯುತ್ತೇನೆ. ಮಂಡಿಯ ಎಕ್ಸ್‌ರೇ ರಿಪೋರ್ಟಿನಲ್ಲಿ ‘ಟಿಬಿಯಲ್ ಟ್ಯೂಬರಾಸಿಟಿ’ ಅಂತಿದೆ, ಟಿಬಿ ಇರಬಹುದಾ ದೊಡ್ಡಮ್ಮ ಅಂತ ಕೇಳಿದ್ದೀಯಲ್ಲ, ಅದನ್ನು ಓದಿ ಕೈಕಾಲೇ ಆಡಲಿಲ್ಲ.

ಟಿಬಿಯಾ ಅಂದರೆ ಮಂಡಿಯ ಕೆಳಗಿನ ದೊಡ್ಡ ಮೂಳೆ. ಅದರ ಮುಂಭಾಗದಲ್ಲಿ, ಮೇಲ್ಗಡೆ, ಒಂದು ಉಬ್ಬು ಇರುತ್ತದೆ. ಮಂಡಿಚಿಪ್ಪಿನಿಂದ ಇಳಿಯುವ ಗಟ್ಟಿ ನಾರು ಅಲ್ಲಿಗೆ ಬಂದು ಸೇರುತ್ತದೆ. ಆ ಉಬ್ಬೇ ಟ್ಯೂಬರಾಸಿಟಿ. ನನಗೂ ಇದೆ, ಎಲ್ಲರಿಗೂ ಇದೆ. ಮುಟ್ಟಿ ನೋಡಿಕೋ.

ಲ್ಯಾಟಿನ್‌ನಲ್ಲಿ ಟ್ಯೂಬರ್ ಅಂದರೆ ಉಬ್ಬು, ಗಂಟು. ನಾನು ಕ್ಲಾಸಿನಲ್ಲಿ ಹೇಳುತ್ತಿದ್ದ ಟ್ಯೂಬರ್ ಕೂಡ ಅದೇ, ಗೆಡ್ಡೆ. ಗೆಣಸಿನ ಹಾಗೆ ಊದಿಕೊಂಡ ಬೇರಿಗೆ ಟ್ಯೂಬರಸ್ ಬೇರು ಅನ್ನುತ್ತಾರೆ. (ಆಲೂಗಡ್ಡೆ ಬೇರಲ್ಲ, ಕಾಂಡ. ಎಷ್ಟು ಹೇಳಿದರೂ ಪರೀಕ್ಷೆಯಲ್ಲಿ ಬೇರು ಅಂತಲೇ ಬರೆಯುತ್ತಿದ್ದರು!) ಸುಗಂಧರಾಜದ ಟ್ಯೂಬರೋಸ್ ಅನ್ನೋ ಹೆಸರಿನಲ್ಲೂ ರೋಸ್ ಇಲ್ಲ. ಟ್ಯೂಬರೋಸಾ, ಅಂದರೆ ಗೆಡ್ಡೆ ಇರುವಂಥದ್ದು, ಅಷ್ಟೇ.

ನಿನ್ನ ಭಯ ಸುಮ್ನೆ ಹುಟ್ಟಿದ್ದಲ್ಲ, ಒಪ್ಪುತ್ತೇನೆ. ಟಿಬಿಯ ಪೂರ್ತಿ ಹೆಸರು ಟ್ಯೂಬರ್ಕ್ಯುಲೋಸಿಸ್, ಅದೂ ಅದೇ ಬುಡದ್ದು. ಟ್ಯೂಬರ್ಕುಲಮ್ ಅಂದರೆ ಪುಟ್ಟ ಗಂಟು. ಆ ಕಾಯಿಲೆಯಲ್ಲಿ ಶ್ವಾಸಕೋಶದೊಳಗೆ ಚಿಕ್ಕ ಚಿಕ್ಕ ಗಂಟುಗಳು ಕಂಡವು, ಹೆಸರು ಬಂತು. ರಾಬರ್ಟ್ ಕಾಕ್ 1882ರಲ್ಲಿ ರೋಗಾಣು ತೋರಿಸುವ ಮೊದಲೇ ಆ ಹೆಸರಿತ್ತು. ನಾವೂ ನೆಲದೊಳಗಿನದಕ್ಕೂ ಹೊಟ್ಟೆಯೊಳಗಿನದಕ್ಕೂ ಗಡ್ಡೆ ಅಂತಲೇ ಅನ್ನುತ್ತೇವೆ, ಅಲ್ವಾ? ಹಾಗಂತ ಗೆಣಸಿಗೆ ಯಾರೂ ಹೆದರುವುದಿಲ್ಲ.

ನಮ್ಮಕ್ಕನ ವಿಷಯ ನಿನಗೆ ಗೊತ್ತೇ ಇದೆ. ಮನೆಯಲ್ಲಿ ಯಾರೂ ಕ್ಷಯ ಅನ್ನುತ್ತಿರಲಿಲ್ಲ, ‘ಆ ಕಾಯಿಲೆ’ ಅನ್ನುತ್ತಿದ್ದರು. ನನ್ನನ್ನು ಬಾಗಿಲಾಚೆಯೇ ನಿಲ್ಲಿಸುತ್ತಿದ್ದರು. ಅವಳು ಒಳಗಿಂದ ಸ್ಕೂಲಿನ ಸುದ್ದಿ ಕೇಳುತ್ತಿದ್ದಳು. ಅಲ್ಲಿಂದಲೇ ಕೂಗಿ ಹೇಳುತ್ತಿದ್ದೆ, ಅದೂ ಅರ್ಧಂಬರ್ಧ. ಇನ್ನಷ್ಟು ಹೊತ್ತು ನಿಂತು ಮಾತಾಡಬಹುದಿತ್ತು. ಅದಕ್ಕೇ ನೀನು ಆ ಎರಡಕ್ಷರ ಬರೆದಾಗ ಎದೆ ಧಸಕ್ಕೆಂದಿತು.

ನಾನು ಡಾಕ್ಟರಲ್ಲ, ಗಿಡದ ಮೇಷ್ಟ್ರು. ಮೂಳೆಗೂ ಟಿಬಿ ಬರುತ್ತದೆ ಅನ್ನೋದು ನಿಜ. ಆದರೆ ಈ ಎರಡು ಪದ ಹೇಳುವುದು ಜಾಗವನ್ನು, ಕಾಯಿಲೆಯನ್ನಲ್ಲ. ಸಂಜೆ ಜ್ವರ, ತೂಕ ಇಳಿಯೋದು ಏನಾದರೂ ಇದ್ದರೆ ಮುಚ್ಚಿಡದೆ ಡಾಕ್ಟರಿಗೆ ಹೇಳು. ಟಿಬಿನಾ ಅಂತ ನೇರವಾಗಿ ಕೇಳು, ನಾಚಿಕೆ ಬೇಡ. ಅದೇ ಆಗಿದ್ದರೂ ತಿಂಗಳುಗಟ್ಟಲೆ ಬಿಡದೆ ಮಾತ್ರೆ ತಗೊಂಡರೆ ವಾಸಿಯಾಗುತ್ತದೆ. ಅಯ್ಯೋ, ಮತ್ತೆ ಅಲ್ಲಿಗೇ ಬಂದೆ ನೋಡು.

ರಿಪೋರ್ಟಿನ ಆ ಸಾಲನ್ನು ಪೂರ್ತಿ ಬರೆದು ಕಳಿಸು. ಟ್ಯೂಬರಾಸಿಟಿ ಆದಮೇಲೆ ಏನು ಬರೆದಿದ್ದಾರೆ, ನಾರ್ಮಲ್ ಅಂತಲೋ ಊತ ಅಂತಲೋ? ನೀನು ಅದನ್ನೇ ಬಿಟ್ಟಿದ್ದೀಯ.

ನಿನ್ನ ದೊಡ್ಡಮ್ಮ