ಬೂಷ್ಟು ಕೊಡವಿದರೆ ಜೋಳದ ವಿಷ ಹೋಗದು

ಮಾನ್ಯ ಸಂಪಾದಕರೇ,

ಅರಕಲಗೂಡು, ಹೊಳೆನರಸೀಪುರ, ಬೇಲೂರು ಕಡೆ ಮುಸುಕಿನ ಜೋಳ ಮುರಿಯುವ ಹೊತ್ತಿಗೆ ಮಳೆಯೂ ಹಿಡಿದುಕೊಳ್ಳುತ್ತದೆ. ಹಸಿ ತೆನೆಯನ್ನು ರಾಶಿ ಹಾಕಿ ಟಾರ್ಪಾಲು ಮುಚ್ಚುತ್ತಾರೆ. ನಾಲ್ಕು ದಿನ ಬಿಟ್ಟು ನೋಡಿದಾಗ ಹಸಿರು ಬೂಷ್ಟು ಕಂಡರೆ ಕೊಡವಿ ಒಣಗಿಸುತ್ತಾರೆ, ಮಾರಲಾಗದ್ದನ್ನು ಹಸುವಿಗೆ ಹಾಕುತ್ತಾರೆ. ಕೊಡವಿದಾಗ ಹಾರಿಹೋಗುವುದು ಬೀಜಕಣ ಮಾತ್ರ. ಬೂಷ್ಟು ಕಾರಿದ ಅಫ್ಲಾಟಾಕ್ಸಿನ್ ಎಂಬ ವಿಷ ಕಾಳಿನೊಳಗೇ ಉಳಿಯುತ್ತದೆ, ಬೇಯಿಸಿದರೆ ಹೋಗುವಂಥದ್ದೂ ಅಲ್ಲ. 1974ರಲ್ಲಿ ರಾಜಸ್ಥಾನ–ಗುಜರಾತ್ ಕಡೆಯ ಹಳ್ಳಿಗಳಲ್ಲಿ ಮಳೆಗೆ ನೆನೆದು ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಸತ್ತರು.

ಆಸ್ಪರ್ಜಿಲಸ್ ಫ್ಲೇವಸ್ ಎಂಬ ಈ ಬೂಷ್ಟು ಸದಾಕಾಲ ವಿಷ ಕಾರುವುದಿಲ್ಲ ಎಂಬುದನ್ನು ರೈತರಿಗೆ ಯಾರಾದರೂ ಬಿಡಿಸಿ ಹೇಳಬೇಕು. ವಿಷ ತಯಾರಿಸುವ ಇಪ್ಪತ್ತೈದಕ್ಕೂ ಹೆಚ್ಚು ಜೀನ್‌ಗಳು ಅದರ ಒಂದೇ ವರ್ಣತಂತುವಿನ ಮೇಲೆ ಸಾಲಾಗಿ ಕೂತಿವೆ. ಆ ಸಾಲಿನಲ್ಲೇ ಇರುವ ಅಫ್ಲ್-ಆರ್ ಎಂಬ ಜೀನ್ ಎದ್ದರೆ ಉಳಿದವೂ ಏಳುತ್ತವೆ. ಅದಕ್ಕೂ ಮೇಲಿನ ಹಿಡಿತ ವೀ-ಎ, ವೆಲ್-ಬಿ, ಲೇ-ಎ ಎಂಬ ಮೂರು ಪ್ರೋಟೀನುಗಳ ಕೂಟದ್ದು. ಇದು ಬೆಳಕಿಗೆ ಬಂದದ್ದು 2008ರಲ್ಲಿ, ಆಸ್ಪರ್ಜಿಲಸ್ ನಿಡುಲಾನ್ಸ್ ಎಂಬ ಸೋದರ ಪ್ರಭೇದದಲ್ಲಿ. ಕತ್ತಲಾದಾಗ ವೀ-ಎ ಕೋಶಕೇಂದ್ರದೊಳಗೆ ಹೋಗಿ ಲೇ-ಎಯನ್ನು ಕೂಡಿಕೊಳ್ಳುತ್ತದೆ, ಆಗ ವಿಷದ ಜೀನ್‌ಗಳು ಏಳುತ್ತವೆ. ಬೆಳಕಿದ್ದರೆ ಬಹುಪಾಲು ಹೊರಗೇ ಉಳಿಯುತ್ತದೆ. ಫ್ಲೇವಸ್‌ನಲ್ಲಿ ವೀ-ಎ ಜೀನನ್ನು ತೆಗೆದುಹಾಕಿದರೆ ಅಫ್ಲಾಟಾಕ್ಸಿನ್ ನಿಲ್ಲುತ್ತದೆ. ಅಷ್ಟೇ ಅಲ್ಲ, ಬರಗಾಲ ದಾಟಲು ಅದು ಮಣ್ಣಿನಲ್ಲಿ ಬಿಡುವ ಗಟ್ಟಿ ಗಂಟುಗಳೂ ಹುಟ್ಟುವುದಿಲ್ಲ. ಬೆಳವಣಿಗೆಯ ಹಂತಕ್ಕೂ ವಿಷಕ್ಕೂ ಇಷ್ಟು ಹತ್ತಿರದ ನಂಟು. ಶಾಖದ ವಿಷಯವೂ ಹೀಗೆಯೇ. 37 ಡಿಗ್ರಿಯಲ್ಲಿ ಬೂಷ್ಟು ಹುಲುಸಾಗಿ ಬೆಳೆದರೂ ವಿಷದ ಜೀನ್‌ಗಳು ತಣ್ಣಗಿರುತ್ತವೆ. 28ರಿಂದ 30 ಡಿಗ್ರಿ ಅವಕ್ಕೆ ಹದವಾದ ಬಿಸಿ.

ಟಾರ್ಪಾಲಿನಡಿಯ ಹಸಿ ರಾಶಿಯಲ್ಲಿ ಕತ್ತಲೆ, ಬೆವರು, ಹದವಾದ ಬಿಸಿ ಮೂರೂ ಇವೆ. ಹಾಗೆಂದು ಬಿಸಿಲಿಗೆ ಹಿಡಿದರೆ ಸಾಕು ಎಂದುಕೊಳ್ಳಬಾರದು. ಮೇಲಿನ ಪದರ ಬೆಳಕು ಕಂಡರೂ ಕಾಳಿನ ಒಳಗು ಕತ್ತಲೆಯೇ. ಕಡಿವಾಣ ಹಾಕುವುದು ತೇವ ಇಳಿಸುವುದೊಂದೇ, ಅದೂ ಕಟಾವಾದ ಮೊದಲ ಎರಡು ಮೂರು ದಿನಗಳಲ್ಲಿ. ಒಣಗಿದ ಮೇಲೆ ಹೊಸ ವಿಷ ಹುಟ್ಟುವುದಿಲ್ಲ, ಆದರೆ ಆಗಲೇ ಹುಟ್ಟಿದ್ದು ಇಳಿಯುವುದೂ ಇಲ್ಲ.

ತೆನೆ ಮುರಿಯುವಾಗ ಕಾಳಿನಲ್ಲಿ ಸುಮಾರು 20–25 ಶೇಕಡಾ ತೇವ ಇರುತ್ತದೆ. ಚೀಲ ತುಂಬುವಾಗ 12–13ಕ್ಕೆ ಇಳಿದಿರಬೇಕು. ಹುಳು ತಿಂದ ತೆನೆಯನ್ನು ಕಣಕ್ಕೆ ತರುವ ಮೊದಲೇ ಬೇರೆ ಮಾಡಬೇಕು, ಒಡೆದ ಸಿಪ್ಪೆಯಲ್ಲಿ ಬೂಷ್ಟಿಗೆ ದಾರಿ ಸಲೀಸು. ಬಿಡಿಸಿದ ಕಾಳನ್ನು ನಾಲ್ಕೈದು ಸೆಂಟಿಮೀಟರಿಗಿಂತ ದಪ್ಪ ಹರಡದೆ ಆಗಾಗ ಕೈಯಾಡಿಸಬೇಕು. ಮಧ್ಯಾಹ್ನದ ಬಿಸಿ ಕಾಳನ್ನು ಹಾಗೇ ಚೀಲಕ್ಕೆ ತುಂಬಿದರೆ ರಾತ್ರಿ ಒಳಗೆ ನೀರು ಕಟ್ಟುತ್ತದೆ, ಆರಲು ಬಿಡಬೇಕು. ಒಕ್ಕಣೆಯಲ್ಲಿ ಒಡೆದ ನುಚ್ಚು, ಹುಡಿಯಲ್ಲಿ ವಿಷ ಹೆಚ್ಚು. ಅದನ್ನು ಜರಡಿ ಹಿಡಿದು ಬಿಸಾಡಬೇಕೇ ಹೊರತು ಕೋಳಿಗೆ, ಹಸುವಿಗೆ ಹಾಕಬಾರದು.

ತೇವಾಂಶ ಮಾಪಕ ಇಲ್ಲದವರಿಗೆ ಉಪ್ಪಿನ ಪರೀಕ್ಷೆ ಇದೆ. ಬಾಣಲೆಯಲ್ಲಿ ಹುರಿದು ಆರಿಸಿದ ಪುಡಿಯುಪ್ಪು ಎರಡು ಮೂರು ದೊಡ್ಡ ಚಮಚ, ಒಣಗಿದ ಗಾಜಿನ ಬಾಟಲಿಯ ಮೂರನೇ ಒಂದು ಭಾಗ ಕಾಳು. ಮುಚ್ಚಿ ಒಂದು ನಿಮಿಷ ಚೆನ್ನಾಗಿ ಕುಲುಕಿ, ಹದಿನೈದು ನಿಮಿಷ ಬಿಡಿ. ಗಾಜಿಗೆ ಉಪ್ಪು ಅಂಟಿದ್ದರೆ ತೇವ ಶೇ 15ಕ್ಕಿಂತ ಹೆಚ್ಚು, ಮತ್ತೆ ಒಣಗಿಸಲೇಬೇಕು. ಅಂಟದಿದ್ದರೂ ಇನ್ನೊಂದು ದಿನದ ಬಿಸಿಲು ಕೊಡುವುದು ಒಳ್ಳೆಯದು, 15 ಎಂಬುದು ಚೀಲ ತುಂಬುವ ಮಟ್ಟವಲ್ಲ.

ಹಾಲಿನ ಜಿಲ್ಲೆಯಾದ ಹಾಸನಕ್ಕೆ ಇದು ಇನ್ನೂ ಹತ್ತಿರದ ವಿಷಯ. ಈ ವಿಷದ ಮುಖ್ಯ ರೂಪ ಅಫ್ಲಾಟಾಕ್ಸಿನ್ ಬಿ1. ಹಸು ತಿಂದ ಬಿ1ರಲ್ಲಿ ಒಂದು ಪಾಲು ಎಂ1 ಎಂಬ ಬದಲಾದ ರೂಪದಲ್ಲಿ ಒಂದೇ ದಿನದಲ್ಲಿ ಹಾಲಿಗೆ ಇಳಿಯುತ್ತದೆ. ಕೆಟ್ಟ ಮೇವು ನಿಲ್ಲಿಸಿದರೆ ಮೂರು ನಾಲ್ಕು ದಿನಗಳಲ್ಲಿ ಹೋಗುತ್ತದೆ. ಕಾಯಿಸಿದ್ದರಿಂದ ಹೋಗುವುದಿಲ್ಲ. ಹಾಲಿನಲ್ಲಿ ಎಂ1ಗೆ ನಮ್ಮ ದೇಶದ ಮಿತಿ ಕಿಲೋಗೆ 0.5 ಮೈಕ್ರೋಗ್ರಾಂ.

ಹಾಗಾಗಿ ಹಾಲು ಉತ್ಪಾದಕರ ಸಹಕಾರ ಸಂಘ ಪ್ರತಿಯೊಂದರಲ್ಲೂ ಒಂದು ತೇವಾಂಶ ಮಾಪಕ ಇರಲಿ, ಜೋಳ ತಂದವರಿಗೆಲ್ಲ ಬಿಟ್ಟಿಯಾಗಿ ಅಳೆದುಕೊಡಲಿ. ವಿಷದ ಪರೀಕ್ಷೆಗೆ ಕಳಿಸುವಾಗ ಒಂದು ಹಿಡಿ ಕಾಳು ಸಾಲದು. ಸಾವಿರ ಕಾಳಿನಲ್ಲಿ ಒಂದೆರಡರಲ್ಲೇ ವಿಷ ತುಂಬಿರಬಹುದು. ಹಲವು ಚೀಲಗಳ ಮೇಲೆ, ನಡುವೆ, ತಳದಿಂದ ತೆಗೆದು ಕೂಡಿಸಿದ ಐದು ಕಿಲೋ ಕಾಳನ್ನು ಪೂರ್ತಿ ಬೀಸಿ, ಬೆರೆಸಿ, ಅದರಲ್ಲಿ ಸ್ವಲ್ಪ ಕಳಿಸಬೇಕು.

ಕೃಷಿ ವಿಜ್ಞಾನಿಗಳಲ್ಲಿ ಇನ್ನೊಂದು ಕೋರಿಕೆ. ಅಮೆರಿಕದಲ್ಲಿ ಬಳಕೆಯಲ್ಲಿರುವ ಎಎಫ್36 ಎಂಬ ಫ್ಲೇವಸ್ ತಳಿಯಲ್ಲಿ ವಿಷದ ಮೊದಲ ಹೆಜ್ಜೆಯ ಜೀನ್ ಒಂದೇ ಅಕ್ಷರದ ತಪ್ಪಿನಿಂದ ಅರ್ಧಕ್ಕೆ ನಿಂತಿದೆ. ಅದನ್ನು ಹೊಲಕ್ಕೆ ಬಿಟ್ಟರೆ ವಿಷದ ತಳಿಗೆ ಜಾಗ ಸಿಗದು. ಅಂಥ ವಿಷವಿಲ್ಲದ ತಳಿಯನ್ನು ನಮ್ಮ ಮಣ್ಣಿನಲ್ಲೇ ಹುಡುಕಿ, ಅರಕಲಗೂಡಿನ ಹೊಲಗಳಲ್ಲಿ ಹೂ ಬಿಡುವ ಎರಡು ಮೂರು ವಾರ ಮೊದಲು ಹಾಕಿ ನೋಡಿ.

– ಸಸ್ಯರೋಗ ಶಾಸ್ತ್ರದ ಶಿಕ್ಷಕರು, ಹಾಸನ